ಮಿನುಗುತಾರೆ ಕಲ್ಪನಾ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಹಳೆಯ ಕನ್ನಡ ಸಿನಿಮಾದ ಮಾತು ಬಂದರೆ ಕಲ್ಪನಾ ಹೆಸರು ಬಂದೇ ಬರುತ್ತದೆ. ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಓದುಗರ ಪತ್ರಗಳಲ್ಲಿ ಅವರ ಬಗ್ಗೆ ಜನ ನನ್ನನ್ನು ಕೇಳುತ್ತಲೇ ಇರುತ್ತಾರೆ. ಹೆಚ್ಚಿನವರು ಮೊದಲು ಕೇಳುವುದು ಅವರ ಸಾವಿನ ಬಗ್ಗೆ. ನನಗೆ ಅವರ ಕೆಲಸದ ಬಗ್ಗೆ ಮೊದಲು ಹೇಳಬೇಕು ಅನಿಸುತ್ತದೆ. ಅದಕ್ಕೇ ಆ ಪ್ರಶ್ನೆಯನ್ನು ಕೊನೆಯ ಭಾಗಕ್ಕೆ ಇಟ್ಟಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಬರೆದಿದ್ದೇನೆ.

## ಮೊದಲ ಪರಿಚಯ

ಕಲ್ಪನಾ ನಮ್ಮ ಊರಿನವರು ಅಂತಾರಲ್ಲ, ಹೌದಾ ಮಾರಾಯ್ರೆ? ಮಂಗಳೂರಾ, ಉಡುಪಿಯಾ?

ಹೌದು, ನಮ್ಮ ಕರಾವಳಿಯವರೇ. ಹುಟ್ಟಿದ್ದು 1943ರ ಜುಲೈ 18ರಂದು, ದಕ್ಷಿಣ ಕನ್ನಡದಲ್ಲಿ. ಮನೆಮಾತು ತುಳು. ಹುಟ್ಟುಹೆಸರು ಶರತ್‌ಲತಾ. ಕಲ್ಪನಾ ಎಂಬುದು ಸಿನಿಮಾದ ಹೆಸರು.

ಮಂಗಳೂರಾ ಉಡುಪಿಯಾ ಅಂತ ಜಗಳ ಆಡುವವರಿಗೆ ಒಂದು ಮಾತು. ಆಗ ಉಡುಪಿ ಜಿಲ್ಲೆ ಅಂತ ಇರಲೇ ಇಲ್ಲ. ಅದು ಬೇರೆಯಾದದ್ದು 1997ರಲ್ಲಿ. 1943ರಲ್ಲಿ ಎರಡೂ ಸೇರಿ ಒಂದೇ ಜಿಲ್ಲೆ, ಅದೂ ಮದ್ರಾಸ್ ಪ್ರಾಂತ್ಯದ ಒಳಗೆ. ಹಾಗಾಗಿ ಎರಡೂ ಕಡೆಯವರು ‘ನಮ್ಮವರು’ ಅಂದರೆ ತಪ್ಪೇನೂ ಇಲ್ಲ.

ಕಲ್ಪನಾ ಅಂದ್ರೆ ಮಲಯಾಳದ ಹಾಸ್ಯ ನಟಿ ಅಲ್ವಾ? ಈಚೆಗೆ ತೀರಿಕೊಂಡವರು?

ಅಲ್ಲ, ಅವರು ಬೇರೆ. ಮಲಯಾಳದ ಕಲ್ಪನಾ ತೀರಿಕೊಂಡದ್ದು 2016ರಲ್ಲಿ. ಕಾಸರಗೋಡು ಪಕ್ಕದಲ್ಲೇ ಇರುವುದರಿಂದ ನಮ್ಮಲ್ಲಿ ಮಲಯಾಳಂ ಸಿನಿಮಾ ನೋಡುವವರು ಜಾಸ್ತಿ, ಈ ಗೊಂದಲವೂ ಜಾಸ್ತಿ. ಉಪೇಂದ್ರ ಅವರ 2012ರ ದೆವ್ವದ ಸಿನಿಮಾಕ್ಕೂ ಇದೇ ಹೆಸರು. ಅದಕ್ಕೂ ಈ ನಟಿಗೂ ಸಂಬಂಧ ಇಲ್ಲ. ಇಲ್ಲಿ ಹೇಳುತ್ತಿರುವುದು 1963ರಿಂದ ಎಪ್ಪತ್ತರ ದಶಕದ ಕೊನೆಯವರೆಗೆ ಕನ್ನಡದಲ್ಲಿ ನಾಯಕಿಯಾಗಿದ್ದ ಕಲ್ಪನಾ ಬಗ್ಗೆ. ‘ಮಿನುಗುತಾರೆ’ ಎಂಬುದು ಅವರ ಸಿನಿಮಾದ ಹೆಸರಲ್ಲ, ಅವರಿಗೇ ಅಂಟಿಕೊಂಡ ಬಿರುದು.

ನಾನು ಒಂದೂ ನೋಡಿಲ್ಲ. ಒಂದೇ ಒಂದು ನೋಡೋದಾದ್ರೆ ಯಾವುದು ನೋಡ್ಲಿ?

‘ಬೆಳ್ಳಿಮೋಡ’. ಜನ ಸಾಮಾನ್ಯವಾಗಿ ‘ಶರಪಂಜರ’ ಹೇಳುತ್ತಾರೆ. ಅದು ಇನ್ನೂ ದೊಡ್ಡ ಹೆಸರು ಮಾಡಿತು, ನಿಜ. ಆದರೆ ಶರಪಂಜರದಿಂದ ಶುರು ಮಾಡಿದರೆ ಕಲ್ಪನಾ ಅಂದರೆ ಅಳು, ಕೂಗು, ಹುಚ್ಚುನಗು ಅಂತ ಮನಸ್ಸಿನಲ್ಲಿ ಕೂತುಬಿಡುತ್ತದೆ. ಬೆಳ್ಳಿಮೋಡದಲ್ಲಿ ಅವರು ದನಿ ಏರಿಸುವುದು ಕಡಿಮೆ. ಕೇಳಿಸಿಕೊಳ್ಳುತ್ತಾರೆ, ಯೋಚಿಸುತ್ತಾರೆ, ಆಮೇಲೆ ಮಾತಾಡುತ್ತಾರೆ. ಮೊದಲು ಅದನ್ನು ನೋಡಿ ಆಮೇಲೆ ಶರಪಂಜರಕ್ಕೆ ಹೋದರೆ, ಅಷ್ಟು ಹದ ಗೊತ್ತಿದ್ದವರು ಅಲ್ಲಿ ಯಾಕೆ ಅಷ್ಟು ಸಿಡಿದರು ಅಂತ ಅರ್ಥ ಆಗುತ್ತದೆ.

## ಸಿನಿಮಾಕ್ಕೆ ಬಂದದ್ದು

ತುಳು ಮಾತಾಡುವ ಹುಡುಗಿ ಆ ಕಾಲದಲ್ಲಿ ಸಿನಿಮಾಕ್ಕೆ ಹೋದದ್ದು ಹೇಗೆ? ಸುಲಭ ಇತ್ತಾ?

ಸುಲಭ ಇರಲಿಲ್ಲ. ನಮ್ಮಲ್ಲಿ ಆಟದ, ಅಂದರೆ ಯಕ್ಷಗಾನದ, ಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಹಾಕುತ್ತಿದ್ದ ಕಾಲ ಅದು. ಹೆಣ್ಣುಮಕ್ಕಳು ವೇದಿಕೆ ಹತ್ತಿದರೆ ನಾಲ್ಕು ಜನ ನಾಲ್ಕು ಮಾತು ಆಡುತ್ತಿದ್ದರು. ತುಳು ಸಿನಿಮಾ ಇನ್ನೂ ಹುಟ್ಟಿರಲಿಲ್ಲ. ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ತೆರೆಗೆ ಬಂದದ್ದು 1971ರಲ್ಲಿ. ಕನ್ನಡ ಸಿನಿಮಾಗಳೂ ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ನಟಿ ಆಗಬೇಕು ಅಂದರೆ ಊರು ಬಿಡಲೇಬೇಕಿತ್ತು.

ಕಲ್ಪನಾ ಅವರ ಮೊದಲ ಚಿತ್ರ 1963ರ ‘ಸಾಕುಮಗಳು’. ನಿರ್ದೇಶಕರು ಬಿ.ಆರ್. ಪಂತುಲು, ನಾಯಕ ರಾಜ್‌ಕುಮಾರ್. ಪಂತುಲು ಎಂದರೆ ಆಗ ದಕ್ಷಿಣದಲ್ಲಿ ಬಹಳ ದೊಡ್ಡ ಹೆಸರು. ಅವರ ಬಳಿ ಸಹಾಯಕರಾಗಿದ್ದವರೇ ಪುಟ್ಟಣ್ಣ ಕಣಗಾಲ್. ಮುಂದೆ ಕಲ್ಪನಾ ದಾರಿ ಬದಲಾದದ್ದು ಈ ಪುಟ್ಟಣ್ಣನವರಿಂದ.

ಅವರ ಕನ್ನಡವನ್ನು ಗಮನ ಇಟ್ಟು ಕೇಳಿ. ಎಲ್ಲೂ ನಮ್ಮ ಕಡೆಯ ರಾಗ ಇಲ್ಲ. ಮೈಸೂರು ಕಡೆಯ ಮಧ್ಯಮ ವರ್ಗದ ಮನೆಯ ಹೆಣ್ಣುಮಗಳು ಮಾತಾಡಿದ ಹಾಗೆಯೇ ಇರುತ್ತದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತು ಬೆಳೆದವರಿಗೆ ಇದು ಎಷ್ಟು ಕಷ್ಟ ಅಂತ ಬೆಂಗಳೂರಿಗೆ ಕೆಲಸಕ್ಕೆ ಹೋದ ಮಂಗಳೂರಿಗರನ್ನು ಕೇಳಬೇಕು. ಬಾಯಿ ತೆರೆದರೆ ಸಾಕು, ‘ನೀವು ಮಂಗ್ಳೂರಾ?’ ಅನ್ನುತ್ತಾರೆ.

ಪುಟ್ಟಣ್ಣ ಇಲ್ಲದಿದ್ರೆ ಕಲ್ಪನಾ ಇರ್ತಿದ್ರಾ?

ಈ ಪ್ರಶ್ನೆಯನ್ನು ಯಾವಾಗಲೂ ಒಂದೇ ಕಡೆಯಿಂದ ಕೇಳುತ್ತಾರೆ. ಕಲ್ಪನಾ ಇಲ್ಲದಿದ್ದರೆ ಪುಟ್ಟಣ್ಣ ಹೀಗೆ ಶುರು ಮಾಡುತ್ತಿದ್ದರಾ ಅಂತಲೂ ಕೇಳಬೇಕಲ್ವಾ?

ಪುಟ್ಟಣ್ಣ ಕನ್ನಡದಲ್ಲಿ ಸ್ವತಂತ್ರವಾಗಿ ನಿರ್ದೇಶಿಸಿದ ಮೊದಲ ಚಿತ್ರವೇ 1967ರ ಬೆಳ್ಳಿಮೋಡ. ಅದಕ್ಕೆ ಮೊದಲು ಅವರು ಮಲಯಾಳದಲ್ಲಿ ಕೆಲಸ ಮಾಡಿದ್ದರು. ಬೆಳ್ಳಿಮೋಡದಲ್ಲಿ ಕಥೆಯ ಭಾರ ಎಲ್ಲ ನಾಯಕಿಯ ಮೇಲೆ. ನಾಯಕನ ಹೊಡೆದಾಟ ಇಲ್ಲ, ದೇವರ ಪವಾಡ ಇಲ್ಲ. ಒಬ್ಬ ಹೆಣ್ಣುಮಗಳ ಮನಸ್ಸಿನಲ್ಲಿ ಏನಾಗುತ್ತಿದೆ ಅನ್ನುವುದೇ ಕಥೆ. ಆ ಮುಖ ಸೋತಿದ್ದರೆ ಸಿನಿಮಾವೇ ಸೋಲುತ್ತಿತ್ತು.

ಆಮೇಲೆ ‘ಕಪ್ಪು ಬಿಳುಪು’, ‘ಗೆಜ್ಜೆಪೂಜೆ’, ‘ಕರುಳಿನ ಕರೆ’, ‘ಶರಪಂಜರ’ ಬಂದವು. ಎಲ್ಲವೂ 1969ರಿಂದ 1971ರ ಒಳಗೆ. ಶರಪಂಜರ ಆದ ಮೇಲೆ ಇವರಿಬ್ಬರು ಒಟ್ಟಿಗೆ ಕೆಲಸ ಮಾಡಲಿಲ್ಲ. ಯಾಕೆ ಅನ್ನುವುದಕ್ಕೆ ಊರಿಗೊಂದು ಕಥೆ ಹುಟ್ಟಿದೆ. ಅವರಿಬ್ಬರೂ ಈಗ ಇಲ್ಲ. ಆ ಕಥೆಗಳನ್ನು ನಾನು ದಾಟಿಸುವುದಿಲ್ಲ. ಗೆಜ್ಜೆಪೂಜೆಯಲ್ಲಿ ಸಣ್ಣ ಪಾತ್ರದಲ್ಲಿ ಬಂದ ಆರತಿ ಮುಂದೆ ಪುಟ್ಟಣ್ಣನ ಚಿತ್ರಗಳ ನಾಯಕಿ ಆದರು. ಕಲ್ಪನಾ ಬೇರೆ ನಿರ್ದೇಶಕರ ಜೊತೆ ಒಳ್ಳೆಯ ಪಾತ್ರಗಳನ್ನೇ ಮಾಡಿದರು. ದೊರೆ–ಭಗವಾನ್ ಜೋಡಿಯ ‘ಎರಡು ಕನಸು’ ಮತ್ತು ‘ಬಯಲುದಾರಿ’ ನೋಡಿದರೆ ಪುಟ್ಟಣ್ಣ ಇಲ್ಲದೆಯೂ ಅವರು ಏನು ಮಾಡಬಲ್ಲರು ಅಂತ ಗೊತ್ತಾಗುತ್ತದೆ.

ರಾಜ್‌ಕುಮಾರ್ ಜೊತೆ ಯಾವ್ಯಾವ ಸಿನಿಮಾ ಉಂಟು? ಮನೆಯವರೆಲ್ಲ ಕೂತು ನೋಡುವಂಥದ್ದು ಹೇಳಿ.

ಸಾಕುಮಗಳು ಬಿಟ್ಟರೆ ‘ಬಂಗಾರದ ಹೂವು’, ‘ಸರ್ವಮಂಗಳ’, ‘ಹಣ್ಣೆಲೆ ಚಿಗುರಿದಾಗ’, ‘ಉಯ್ಯಾಲೆ’, ‘ಕರುಳಿನ ಕರೆ’, ‘ಗಂಧದ ಗುಡಿ’, ‘ಎರಡು ಕನಸು’. ಇನ್ನೂ ಕೆಲವು ಉಂಟು. ಮಕ್ಕಳೂ ಕೂತು ನೋಡಬೇಕು ಅಂದರೆ 1973ರ ಗಂಧದ ಗುಡಿ ಹಾಕಿ. ಆದರೆ ಅದು ಕಾಡಿನ ಕಥೆ, ಅಣ್ಣ–ತಮ್ಮಂದಿರ ಕಥೆ. ಕಲ್ಪನಾಗೆ ಅಲ್ಲಿ ಮಾಡಲಿಕ್ಕೆ ಹೆಚ್ಚೇನೂ ಇಲ್ಲ.

ಅವರನ್ನೇ ನೋಡಬೇಕು ಅಂದರೆ 1974ರ ಎರಡು ಕನಸು. ನಾಯಕ ಪ್ರೀತಿಸಿದ್ದು ಒಬ್ಬಳನ್ನು, ಮದುವೆ ಆದದ್ದು ಇನ್ನೊಬ್ಬಳನ್ನು. ಆ ಇನ್ನೊಬ್ಬಳು ಕಲ್ಪನಾ. ಮನೆಗೆ ಬಂದ ಹೆಂಡತಿಯ ಕಡೆ ಗಂಡ ತಿರುಗಿಯೂ ನೋಡುವುದಿಲ್ಲ. ಅವಳು ದೇವರ ಮುಂದೆ ಕೂತು ರಾಮನನ್ನು ಕರೆದು, ಬಾಗಿಲು ತೆರೆ ಅಂತ ಬೇಡುವ ಹಾಡು ಒಂದು ಬರುತ್ತದೆ. ಗಂಡನ ಹೆಸರೂ ರಾಮಚಂದ್ರ. ಹಾಡು ಕೇಳಬೇಕಾದದ್ದು ದೇವರಾ, ಗಂಡನಾ? ಕಲ್ಪನಾ ಎರಡನ್ನೂ ಒಂದೇ ಮುಖದಲ್ಲಿ ತೋರಿಸುತ್ತಾರೆ. ಭಕ್ತಿಯೂ ಸುಳ್ಳಲ್ಲ, ಕೊರಗೂ ಸುಳ್ಳಲ್ಲ. ರಾಜನ್–ನಾಗೇಂದ್ರ ಅವರ ಸಂಗೀತ, ಎಸ್. ಜಾನಕಿ ಅವರ ದನಿ. ಈ ಹಾಡನ್ನು ನಮ್ಮ ಮನೆಗಳಲ್ಲಿ ಭಜನೆಯ ಹಾಗೆ ಹಾಡುವವರು ಈಗಲೂ ಇದ್ದಾರೆ.

ಬೇರೆ ಭಾಷೆಯಲ್ಲಿ ಮಾಡಿದ್ದಾರಾ?

ಮಾಡಿದ್ದಾರೆ. ತಮಿಳಿನಲ್ಲಿ 1966ರ ‘ಮದ್ರಾಸ್ ಟು ಪಾಂಡಿಚೇರಿ’ ಅವರು ನಾಯಕಿಯಾಗಿದ್ದ ಚಿತ್ರ. ಬಸ್ ಪ್ರಯಾಣದ ತಮಾಷೆಯ ಕಥೆ. ಇದೇ ಮುಂದೆ ಹಿಂದಿಯಲ್ಲಿ ‘ಬಾಂಬೆ ಟು ಗೋವಾ’ ಆಯಿತು. ಕಣ್ಣೀರಿನ ಪಾತ್ರ ಬಿಟ್ಟರೆ ಅವರಿಗೆ ಬೇರೆ ಬರುವುದಿಲ್ಲ ಅಂತ ತಿಳಿದವರು ಇದನ್ನು ನೋಡಬೇಕು.

## ಪಾತ್ರಗಳು, ಕಥೆಗಳು

ಬೆಳ್ಳಿಮೋಡದಲ್ಲಿ ಕೊನೆಗೆ ಅವನನ್ನು ಒಪ್ಪಬಹುದಿತ್ತಲ್ಲ? ಪಾಪ, ಅವನು ಬದಲಾಗಿದ್ದ.

ಇದನ್ನು ಹೆಚ್ಚಾಗಿ ಕೇಳುವವರು ಗಂಡಸರು. ಕಥೆ ಗೊತ್ತಿಲ್ಲದವರಿಗೆ ಚೂರು ಹೇಳುತ್ತೇನೆ. ಕೊನೆ ಮೊದಲೇ ಗೊತ್ತಾಗುವುದು ಬೇಡ ಅನ್ನುವವರು ಮುಂದಿನ ಪ್ರಶ್ನೆಗೆ ಹೋಗಿ.

ಇಂದಿರಾ ತೋಟದ ಸಾಹುಕಾರರ ಒಬ್ಬಳೇ ಮಗಳು. ಮೋಹನನ ಜೊತೆ ಮದುವೆ ನಿಶ್ಚಯ ಆಗುತ್ತದೆ. ಇಂದಿರಾಳ ಅಪ್ಪನ ದುಡ್ಡಿನಿಂದ ಅವನು ಅಮೆರಿಕಕ್ಕೆ ಓದಲು ಹೋಗುತ್ತಾನೆ. ಅವನು ಬರುವಷ್ಟರಲ್ಲಿ ಇಂದಿರಾಳಿಗೆ ಒಬ್ಬ ತಮ್ಮ ಹುಟ್ಟಿರುತ್ತಾನೆ. ತೋಟಕ್ಕೆ ವಾರಸುದಾರ ಬಂದ ಮೇಲೆ ಮೋಹನನಿಗೆ ಮದುವೆ ಬೇಡವಾಗುತ್ತದೆ. ಮುಂದೆ ಅವನಿಗೆ ಅಪಘಾತ ಆದಾಗ ಅವನ ಸೇವೆ ಮಾಡುವವಳು ಇಂದಿರಾಳೇ. ಆಗ ಅವನಿಗೆ ಮನಸ್ಸು ತಿರುಗುತ್ತದೆ, ಮದುವೆ ಆಗೋಣ ಅನ್ನುತ್ತಾನೆ. ಅವಳು ಬೇಡ ಅನ್ನುತ್ತಾಳೆ.

ಅವಳು ಸೇಡಿಗೆ ಬೇಡ ಅನ್ನುವುದಿಲ್ಲ. ಸೇಡು ಇದ್ದರೆ ಸೇವೆ ಮಾಡುತ್ತಿರಲಿಲ್ಲ. ಅವಳು ಅವನಿಗೆ ಮಾಡಬೇಕಾದ್ದನ್ನು ಮಾಡಿದಳು. ಆದರೆ ಅವನು ಮೊದಲು ಏನನ್ನು ನೋಡಿ ಬಂದಿದ್ದ ಅಂತ ಒಮ್ಮೆ ಗೊತ್ತಾದ ಮೇಲೆ ಪ್ರೀತಿ ಹಿಂದಿನ ಹಾಗೆ ಉಳಿಯುವುದಿಲ್ಲ. ಕಲ್ಪನಾ ಈ ದೃಶ್ಯದಲ್ಲಿ ಗೆದ್ದವಳ ಹಾಗೆ ನಿಲ್ಲುವುದಿಲ್ಲ. ಬೇಡ ಅನ್ನುವುದು ಅವಳಿಗೂ ನೋವೇ. 1967ರಲ್ಲಿ, ನಾಯಕಿ ಕೊನೆಗೆ ನಾಯಕನ ಕಾಲಿಗೆ ಬೀಳುವುದೇ ರೂಢಿ ಆಗಿದ್ದಾಗ, ಪ್ರೇಕ್ಷಕರು ಈ ‘ಬೇಡ’ವನ್ನು ಒಪ್ಪಿದರು. ಕಥೆ ಕಾದಂಬರಿಗಾರ್ತಿ ತ್ರಿವೇಣಿಯವರದು ಸರಿ. ಆದರೆ ತೆರೆಯ ಮೇಲೆ ಒಪ್ಪಿಸಿದವರು ಕಲ್ಪನಾ.

ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿನ ಕಡೆ ಹೋಗುವವರಿಗೆ ಆ ಗುಡ್ಡ, ಕಾಫಿ ತೋಟ, ಮಂಜು ಎಲ್ಲ ಗೊತ್ತು. ಬೇಂದ್ರೆಯವರ ಬೆಳಗಿನ ಕವಿತೆಗೆ ವಿಜಯಭಾಸ್ಕರ್ ರಾಗ ಹಾಕಿದ ಹಾಡು ಇರುವುದೂ ಇದೇ ಚಿತ್ರದಲ್ಲಿ.

ಗೆಜ್ಜೆಪೂಜೆಯಲ್ಲಿ ಅಮ್ಮನ ಪಾತ್ರ ಮಾಡಿದವರು ಬೆಳ್ತಂಗಡಿಯ ಲೀಲಾವತಿಯವರೇ ಅಲ್ವಾ?

ಹೌದು, ಅವರೇ. ಇನ್ನೊಂದು ವಿಷಯ ಉಂಟು. ಅದೇ ಚಿತ್ರದಲ್ಲಿ ಪಂಡರಿಬಾಯಿ ಕೂಡ ಇದ್ದಾರೆ. ಅವರು ಭಟ್ಕಳದವರು, 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್‌ಗೆ ನಾಯಕಿ ಆಗಿದ್ದವರು. ಅಂದರೆ ಒಂದೇ ಸಿನಿಮಾದಲ್ಲಿ ಕರಾವಳಿಯ ಮೂವರು ಹೆಣ್ಣುಮಕ್ಕಳು. ಮೂವರೂ ಮೂರು ಕಾಲದ ನಾಯಕಿಯರು. ನಮ್ಮ ಊರಿನಲ್ಲಿ ಇದನ್ನು ಯಾರೂ ಹೇಳಿಕೊಳ್ಳುವುದಿಲ್ಲ ಅಂತ ನನಗೆ ಬೇಸರ. ಲೀಲಾವತಿಯವರು 2023ರ ಡಿಸೆಂಬರ್ 8ರಂದು ತೀರಿಕೊಂಡಾಗ ಬೆಳ್ತಂಗಡಿಯ ಹೆಸರು ಸ್ವಲ್ಪ ಕೇಳಿಬಂತು, ಅಷ್ಟೇ.

ಗೆಜ್ಜೆಪೂಜೆಯ ಕಥೆ ಕಾದಂಬರಿಗಾರ್ತಿ ಎಂ.ಕೆ. ಇಂದಿರಾ ಅವರದು. ಚಂದ್ರಾ ಎಂಬ ಹುಡುಗಿ ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿದವಳು. ಆ ದಾರಿಗೆ ಹುಡುಗಿಯನ್ನು ಇಳಿಸುವ ಶಾಸ್ತ್ರವೇ ಗೆಜ್ಜೆಪೂಜೆ. ಅವಳಿಗೆ ಓದಬೇಕು, ಮದುವೆ ಆಗಬೇಕು, ಎಲ್ಲರ ಹಾಗೆ ಇರಬೇಕು. ಪಕ್ಕದ ಮನೆಯ ಹುಡುಗ ಒಪ್ಪುತ್ತಾನೆ. ಅಷ್ಟರಲ್ಲಿ ಅವಳು ತನ್ನ ಅಪ್ಪನನ್ನು ಗುಟ್ಟಾಗಿ ಭೇಟಿ ಆಗುವುದನ್ನು ಜನ ತಪ್ಪು ತಿಳಿಯುತ್ತಾರೆ. ಅಪ್ಪ ಅಂತ ಹೇಳಿದರೆ ಅಪ್ಪನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ತನ್ನದು ಹೋಗುತ್ತದೆ. ಅವಳು ಹೇಳುವುದಿಲ್ಲ.

ಇಲ್ಲಿ ಲೀಲಾವತಿ ಮತ್ತು ಕಲ್ಪನಾ ಎದುರುಬದುರು ಇರುವ ದೃಶ್ಯಗಳನ್ನು ನಿಧಾನವಾಗಿ ನೋಡಿ. ತಾಯಿಗೂ ಒಂದು ಕಾಲದಲ್ಲಿ ಇದೇ ಆಸೆ ಇತ್ತು. ಮಗಳನ್ನು ನೋಡುವಾಗ ಅವಳಿಗೆ ತನ್ನದೇ ನೆನಪು. ಅದನ್ನು ಲೀಲಾವತಿ ಕಣ್ಣಿನಲ್ಲೇ ಹೇಳುತ್ತಾರೆ. ಕಲ್ಪನಾ ಅದಕ್ಕೆ ಜಾಗ ಬಿಟ್ಟು ನಿಲ್ಲುತ್ತಾರೆ, ಮೇಲೆ ಬೀಳುವುದಿಲ್ಲ. ಈ ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರ ಅಂತ ರಾಷ್ಟ್ರ ಪ್ರಶಸ್ತಿ ಬಂತು, ಪುಟ್ಟಣ್ಣನವರಿಗೆ ಚಿತ್ರಕಥೆಗೂ ಬಂತು.

ಶರಪಂಜರದಲ್ಲಿ ತೋರಿಸಿದ ಹಾಗೆ ಹೆರಿಗೆ ಆದ ಮೇಲೆ ಹುಚ್ಚು ಹಿಡಿಯುವುದು ನಿಜವಾ?

ಅಂಥ ಕಾಯಿಲೆ ಇರುವುದು ನಿಜ. ಸಾವಿರ ಹೆರಿಗೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಬರುತ್ತದೆ. ಹೆಚ್ಚಾಗಿ ಹೆರಿಗೆ ಆದ ಮೊದಲ ಎರಡು ವಾರದಲ್ಲಿ ಶುರು ಆಗುತ್ತದೆ. ನಿದ್ದೆ ಇರುವುದಿಲ್ಲ, ಇಲ್ಲದ ಸಂಶಯ ಬರುತ್ತದೆ, ಯಾರೋ ಮಾತಾಡಿದ ಹಾಗೆ ಕೇಳಿಸುತ್ತದೆ. ತಾಯಿಗೂ ಮಗುವಿಗೂ ಅಪಾಯ ಆಗಬಹುದಾದ್ದರಿಂದ ತಡ ಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಸರಿಯಾದ ಚಿಕಿತ್ಸೆ ಸಿಕ್ಕರೆ ಗುಣ ಆಗುತ್ತದೆ. ಮಂತ್ರವಾದಿ, ನೂಲು, ತಾಯಿತ ಅಂತ ದಿನ ಕಳೆಯಬೇಡಿ. ಮಂಗಳೂರಿನ ವೆನ್‌ಲಾಕ್ ಆಸ್ಪತ್ರೆಯಲ್ಲೇ ಮನೋರೋಗ ವಿಭಾಗ ಉಂಟು.

ಶರಪಂಜರದ ಕಥೆಯೂ ತ್ರಿವೇಣಿಯವರದೇ. ಅವರು ಮನಶ್ಶಾಸ್ತ್ರ ಓದಿದವರು. ಅದಕ್ಕೇ ಅವರು ಕಾಯಿಲೆಗಿಂತ ಜಾಸ್ತಿ ಬರೆದದ್ದು ಗುಣ ಆದ ಮೇಲಿನ ಬದುಕಿನ ಬಗ್ಗೆ. ನಾಯಕಿ ಕಾವೇರಿ ಗುಣವಾಗಿ, ಆಸ್ಪತ್ರೆಯಿಂದ ಚೆನ್ನಾಗಿಯೇ ಮನೆಗೆ ಬರುತ್ತಾಳೆ. ಬಂದ ಮೇಲೆ ನಕ್ಕರೂ ಅನುಮಾನ, ಅತ್ತರೂ ಅನುಮಾನ, ಜೋರಾಗಿ ಮಾತಾಡಿದರೂ ಅನುಮಾನ. ಗಂಡನ ಮನಸ್ಸು ಬೇರೆ ಕಡೆ ಹೋಗಿರುತ್ತದೆ. ಅವಳನ್ನು ಮತ್ತೆ ಕೆಡಿಸುವುದು ಕಾಯಿಲೆ ಅಲ್ಲ, ಮನೆ ಮತ್ತು ಬೀದಿ.

ಕಲ್ಪನಾ ಇದನ್ನು ಹೇಗೆ ಮಾಡಿದ್ದಾರೆ ಅಂತ ನೋಡಬೇಕಾದ್ದು ಚಿತ್ರದ ಕೊನೆಯ ಭಾಗದಲ್ಲಲ್ಲ, ಮನೆಗೆ ಬಂದ ಮೊದಲ ದಿನಗಳಲ್ಲಿ. ತಾನು ಸರಿ ಇದ್ದೇನೆ ಅಂತ ತೋರಿಸಲು ಅವಳು ತುಸು ಜಾಸ್ತಿಯೇ ಗೆಲುವಾಗಿ ಇರುತ್ತಾಳೆ. ನಗು ಮುಖಕ್ಕೆ ಬರುವ ಮೊದಲು ಎದುರಿಗಿದ್ದವರ ಮುಖ ನೋಡುತ್ತಾಳೆ. ಮನೆಯಲ್ಲಿ ಯಾರನ್ನಾದರೂ ಈ ಕಾಯಿಲೆಯಿಂದ ವಾಪಸ್ ಕರೆತಂದವರಿಗೆ ಈ ನೋಟ ಗೊತ್ತಿರುತ್ತದೆ.

‘ಕಲ್ಪನಾ ಬ್ಲೌಸ್’ ಅಂತ ನಮ್ಮ ಅತ್ತೆ ಹೇಳ್ತಾರೆ. ಅದೇನು?

ಉದ್ದ ತೋಳಿನ ಬ್ಲೌಸ್. ಕುತ್ತಿಗೆಯ ಹತ್ತಿರ ಅಗಲವಾಗಿ ಕತ್ತರಿಸಿದ್ದು, ತೋಳಿನ ತುದಿಗೆ ಕೆಲವೊಮ್ಮೆ ಪಟ್ಟಿ ಅಥವಾ ನೆರಿಗೆ. ಅದರ ಜೊತೆಗೆ ದೊಡ್ಡ ಉಂಗುರ, ಅಚ್ಚುಕಟ್ಟಾದ ಸೀರೆ, ಎತ್ತರದ ತುರುಬು. ಅವರ ಉಡುಗೆ ಆ ಕಾಲದ ಹುಡುಗಿಯರಿಗೆ ದೊಡ್ಡ ಹುಚ್ಚು. ನಮ್ಮ ದೊಡ್ಡಮ್ಮನ ಹಳೆಯ ಸ್ಟುಡಿಯೋ ಫೋಟೋ ಒಂದು ಮನೆಯಲ್ಲಿದೆ. ಮಣಿಕಟ್ಟಿನವರೆಗೆ ತೋಳು, ಕೈ ಮಡಿಲಲ್ಲಿ ಇಟ್ಟು ಉಂಗುರ ಕಾಣುವ ಹಾಗೆ ಬೆರಳು ಸ್ವಲ್ಪ ಮೇಲೆ. ನಮ್ಮ ಊರಿನ ಏಪ್ರಿಲ್ ಸೆಕೆಯಲ್ಲಿ ಆ ತೋಳು ಹಾಕಿಕೊಂಡು ಫೋಟೋ ತೆಗೆಸಿಕೊಂಡಿದ್ದಾರೆ ಅಂದರೆ ಅಭಿಮಾನ ಎಷ್ಟಿರಬೇಕು ಹೇಳಿ.

## ಇನ್ನೂ ತಿಳಿಯಬೇಕು ಅನ್ನುವವರಿಗೆ

ನಿಜ ಹೇಳಿ, ಕಲ್ಪನಾದು ಸ್ವಲ್ಪ ಓವರ್ ಆಕ್ಟಿಂಗ್ ಅಲ್ವಾ?

ಕೆಲವು ಕಡೆ ಹೌದು. ಶರಪಂಜರದ ಕೊನೆಯ ಭಾಗದಲ್ಲಿ ಇಷ್ಟು ಬೇಡ ಇತ್ತು ಅಂತ ನನಗೂ ಅನಿಸಿದೆ. ಆದರೆ ಎರಡು ಸಂಗತಿ ನೆನಪಿನಲ್ಲಿ ಇಡಬೇಕು.

ಒಂದು, ಆಗಿನ ಸಿನಿಮಾ ಕಂಪನಿ ನಾಟಕದ ಪಕ್ಕದಲ್ಲೇ ಬೆಳೆದದ್ದು. ಕೊನೆಯ ಸಾಲಿನಲ್ಲಿ ಕೂತವನಿಗೂ ಮುಟ್ಟಬೇಕು ಅನ್ನುವುದು ಎಲ್ಲ ನಟರ ಅಭ್ಯಾಸ. ಅದೇ ಚಿತ್ರಗಳ ಗಂಡು ನಟರ ಕೂಗಾಟವನ್ನು ಯಾರೂ ಓವರ್ ಅನ್ನುವುದಿಲ್ಲ. ಹೆಣ್ಣು ಕೂಗಿದರೆ ಮಾತ್ರ ನಮಗೆ ಜಾಸ್ತಿ ಅನಿಸುತ್ತದೆ.

ಇನ್ನೊಂದು, ಅವರ ಜೋರು ದೃಶ್ಯಗಳಷ್ಟೇ ತುಣುಕಾಗಿ ಸುತ್ತಾಡುತ್ತಿವೆ. ಎರಡು ನಿಮಿಷದ ಅಳು ನೋಡಿ ತೀರ್ಮಾನ ಮಾಡಿದರೆ ಹೇಗೆ? ಅದರ ಹಿಂದೆ ಎರಡು ಗಂಟೆ ತಡೆದು ಇಟ್ಟುಕೊಂಡದ್ದು ಇರುತ್ತದೆ. ತಾಳಮದ್ದಳೆ, ಅಂದರೆ ವೇಷ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳುವವರಿಗೆ ಇದು ಗೊತ್ತು. ಕರ್ಣ ಕೊನೆಗೆ ಸಿಡಿಯುವುದು ರುಚಿಸಬೇಕಾದರೆ ಅದಕ್ಕೆ ಮೊದಲು ಅವನು ಸುಮ್ಮನೆ ಕೇಳಿಸಿಕೊಂಡದ್ದನ್ನೂ ಕೂತು ಕೇಳಿರಬೇಕು.

ಅವರ ಸಿನಿಮಾಗಳೆಲ್ಲ ಕಾದಂಬರಿಯಿಂದ ಬಂದದ್ದು ಅಂತಾರೆ. ಮೊದಲು ಓದಬೇಕಾ, ನೋಡಬೇಕಾ?

ಎಲ್ಲವೂ ಅಲ್ಲ. ಆದರೆ ಅವರ ಹೆಸರು ಉಳಿಸಿದ ಚಿತ್ರಗಳ ಪಟ್ಟಿ ನೋಡಿ. ಬೆಳ್ಳಿಮೋಡ, ಹಣ್ಣೆಲೆ ಚಿಗುರಿದಾಗ, ಶರಪಂಜರ ಮೂರೂ ತ್ರಿವೇಣಿಯವರದು. ಕಪ್ಪು ಬಿಳುಪು ತ್ರಿವೇಣಿಯ ತಂಗಿ ಆರ್ಯಾಂಬ ಪಟ್ಟಾಭಿ ಅವರದು. ಅದರಲ್ಲಿ ಕಲ್ಪನಾಗೆ ಎರಡು ಪಾತ್ರ. ಗೆಜ್ಜೆಪೂಜೆ ಎಂ.ಕೆ. ಇಂದಿರಾ ಅವರದು, ಎರಡು ಕನಸು ವಾಣಿಯವರದು. ಎಲ್ಲವೂ ಹೆಂಗಸರು ಬರೆದದ್ದು. ಹೆಂಗಸರ ಮನಸ್ಸನ್ನು ಹೆಂಗಸರೇ ಬರೆದ ಕಾದಂಬರಿಗಳನ್ನು ಮನೆಮನೆಯಲ್ಲಿ ಓದುತ್ತಿದ್ದ ಕಾಲ ಅದು. ಗ್ರಂಥಾಲಯದಿಂದ ತಂದು ಅಕ್ಕಪಕ್ಕದವರು ಹಂಚಿಕೊಂಡು ಓದುತ್ತಿದ್ದರು. ಆ ಓದುಗರೇ ಮಧ್ಯಾಹ್ನದ ಆಟಕ್ಕೆ ಟಾಕೀಸಿಗೆ ಬಂದರು. ಅವರ ಮನಸ್ಸಿನಲ್ಲಿ ಆಗಲೇ ಇದ್ದ ಇಂದಿರಾಗೆ, ಕಾವೇರಿಗೆ ಕಲ್ಪನಾ ಮುಖ ಕೊಟ್ಟರು. ಒಂದು ಸಂಕಟದ ವಿಷಯ ಅಂದರೆ ತ್ರಿವೇಣಿಯವರು ಇದನ್ನು ನೋಡಲಿಲ್ಲ. ಅವರು 1963ರಲ್ಲೇ ತೀರಿಕೊಂಡಿದ್ದರು, ಕಲ್ಪನಾ ಸಿನಿಮಾಕ್ಕೆ ಬಂದ ವರ್ಷವೇ.

ಅತ್ಯುತ್ತಮ ನಟಿ ಅಂತ ರಾಜ್ಯ ಪ್ರಶಸ್ತಿ ಕಲ್ಪನಾಗೆ ಮೂರು ಬಾರಿ ಬಂತು. ಮೂರೂ ಆ ತ್ರಿವೇಣಿಯವರ ಕಥೆಗಳಿಗೇ. ಓದುವುದಾ ನೋಡುವುದಾ ಅಂತ ಕೇಳಿದರೆ, ಶರಪಂಜರವನ್ನು ಮೊದಲು ಓದಿ. ಬೆಳ್ಳಿಮೋಡವನ್ನು ಮೊದಲು ನೋಡಿ.

ವಿಧವೆ, ತ್ಯಾಗ, ಕಣ್ಣೀರು. ಈಗಿನ ಹುಡುಗಿಯರಿಗೆ ಇದೆಲ್ಲ ಯಾಕೆ?

ಇದನ್ನು ಕೇಳಿದ ಹುಡುಗಿಗೆ ನಾನು 1976ರ ಬಯಲುದಾರಿ ನೋಡು ಅಂದೆ. ಭಾರತೀಸುತರ ಕಾದಂಬರಿ, ಜೊತೆಗೆ ಅನಂತನಾಗ್. ಮದುವೆಗೆ ಮೊದಲೇ ಬಸುರಿಯಾದ ಹುಡುಗಿಯ ಕಥೆ. ಊರು ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು ಈಗ ಎಷ್ಟು ಬದಲಾಗಿದೆ ಹೇಳಿ? ಹಣ್ಣೆಲೆ ಚಿಗುರಿದಾಗ ಚಿತ್ರದಲ್ಲಿ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡ ಮಗಳು ಮತ್ತೆ ಮದುವೆ ಆಗಬಹುದಾ ಅನ್ನುವುದು ಪ್ರಶ್ನೆ. ಕಾನೂನು ಎಂದೋ ಆಗಬಹುದು ಅಂದಿದೆ. ಮನೆಯ ಹಿರಿಯರು ಮನಸಾರೆ ಅನ್ನುವುದು ಈಗಲೂ ಎಲ್ಲ ಕಡೆ ಇಲ್ಲ. ಕಲ್ಪನಾ ಮಾಡಿದ ಹೆಂಗಸರು ಸುಮ್ಮನೆ ಕಷ್ಟ ಪಟ್ಟವರಲ್ಲ. ಬೇಕಾದ್ದನ್ನು ಬೇಕು ಅಂತ, ಬೇಡದ್ದನ್ನು ಬೇಡ ಅಂತ ಬಾಯಿಬಿಟ್ಟು ಹೇಳಿದವರು. ಕಷ್ಟ ಬಂದದ್ದು ಹಾಗೆ ಹೇಳಿದ್ದಕ್ಕೇ.

ಅವರು ಸತ್ತದ್ದು ಹೇಗೆ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಎಪ್ಪತ್ತರ ದಶಕದ ಕೊನೆಗೆ ಸಿನಿಮಾ ಅವಕಾಶಗಳು ಕಡಿಮೆ ಆದವು. ಕಲ್ಪನಾ ಉತ್ತರ ಕರ್ನಾಟಕದ ವೃತ್ತಿ ನಾಟಕಗಳಲ್ಲಿ ಪಾತ್ರ ಮಾಡಲು ಹೋದರು. ಇದನ್ನು ಕೆಲವರು ‘ಬಿದ್ದುಹೋದರು’ ಅನ್ನುವ ಹಾಗೆ ಹೇಳುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಕಂಪನಿ ನಾಟಕ ಸಣ್ಣ ಕೆಲಸ ಅಲ್ಲ. ರಾಜ್‌ಕುಮಾರ್ ಬಂದದ್ದೂ ಅಲ್ಲಿಂದಲೇ. ಊರೂರು ತಿರುಗಿ, ದಿನವೂ ರಾತ್ರಿ ಜನರ ಎದುರಿಗೆ ನಿಂತು ಮಾಡುವ ದುಡಿಮೆ ಅದು.

ಹಾಗೆ ನಾಟಕಕ್ಕೆ ಹೋಗಿದ್ದಾಗಲೇ, 1979ರ ಮೇ ತಿಂಗಳಲ್ಲಿ, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರದ ಗೋಟೂರಿನ ಪ್ರವಾಸಿ ಬಂಗಲೆಯಲ್ಲಿ ತೀರಿಕೊಂಡರು. ವಯಸ್ಸು 35. ಅವರೇ ಜೀವ ಕಳೆದುಕೊಂಡರು ಅನ್ನುವುದು ಎಲ್ಲರಿಗೂ ತಿಳಿದ ವಿಷಯ. ಹೇಗೆ, ಯಾರಿಂದ, ಯಾಕೆ ಅನ್ನುವ ಕಥೆಗಳು ಬಹಳ. ಆ ಬಂಗಲೆಗೆ ಹೋಗಿ ದೆವ್ವದ ಮಾತಾಡುವವರೂ ಇದ್ದಾರೆ. ದಯವಿಟ್ಟು ಅದನ್ನು ಮಾಡಬೇಡಿ. ಹದಿನಾರು ವರ್ಷ ದುಡಿದ ಒಬ್ಬ ಕಲಾವಿದೆಯನ್ನು ಒಂದು ರಾತ್ರಿಗೆ ಇಳಿಸಿಬಿಡುವುದು ನ್ಯಾಯ ಅಲ್ಲ.

ಶರಪಂಜರದ ಕಾವೇರಿಗೂ ಅವರ ಬದುಕಿಗೂ ಗಂಟು ಹಾಕುವವರು ಇದ್ದಾರೆ. ಪಾತ್ರ ಬರೆದವರು ಬೇರೆ, ಬದುಕಿದವರು ಬೇರೆ. ಅವರು ಆ ಪಾತ್ರ ಚೆನ್ನಾಗಿ ಮಾಡಿದ್ದು ಕೆಲಸ ಗೊತ್ತಿದ್ದದ್ದರಿಂದ.

ಇದನ್ನು ಓದುತ್ತಿರುವ ಯಾರಿಗಾದರೂ ಬದುಕು ಸಾಕು ಅನಿಸುತ್ತಿದ್ದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕರೆಗೆ ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು.

ಕಾಲೇಜಿನಲ್ಲಿ ಪ್ರಬಂಧ ಬರೀಬೇಕು. ಕಲ್ಪನಾ ಬಗ್ಗೆ ಹೊಸದಾಗಿ ಏನು ಬರೀಬಹುದು?

ಬದುಕಿನ ಕಥೆ ಬೇಡ. ಅದನ್ನು ಬೇಕಾದಷ್ಟು ಬರೆದಿದ್ದಾರೆ, ಸಿನಿಮಾವನ್ನೂ ಮಾಡಿದ್ದಾರೆ. ಕೆಲಸದ ಬಗ್ಗೆ ಬರೆಯಿರಿ.

ತ್ರಿವೇಣಿಯವರ ಮೂರು ಕಾದಂಬರಿ ಮತ್ತು ಮೂರು ಚಿತ್ರ ಪಕ್ಕಪಕ್ಕ ಇಟ್ಟುಕೊಳ್ಳಿ. ಪುಸ್ತಕದಲ್ಲಿ ಹೆಣ್ಣು ಮನಸ್ಸಿನೊಳಗೆ ಹೇಳಿಕೊಂಡದ್ದು ತೆರೆಗೆ ಬರುವಾಗ ಏನಾಯಿತು, ಮಾತಾಯಿತಾ, ಹಾಡಾಯಿತಾ, ಸುಮ್ಮನೆ ಒಂದು ನೋಟ ಆಯಿತಾ ಅಂತ ಗುರುತು ಹಾಕುತ್ತಾ ಹೋಗಿ. ಒಂದು ಅಧ್ಯಾಯಕ್ಕೆ ಅದೇ ಸಾಕು. ಇಲ್ಲವೇ ಪಂಡರಿಬಾಯಿ, ಲೀಲಾವತಿ, ಕಲ್ಪನಾ ಮೂವರನ್ನೂ ಒಟ್ಟಿಗೆ ತೆಗೆದುಕೊಳ್ಳಿ. ತುಳು, ಕೊಂಕಣಿ, ಕನ್ನಡ ಎಲ್ಲ ಬೆರೆತ ಈ ಕರಾವಳಿಯಿಂದ ಹೆಣ್ಣುಮಕ್ಕಳು ಮೈಸೂರಿನ ನಾಟಕ, ಮದ್ರಾಸಿನ ಸ್ಟುಡಿಯೋ ಅಂತ ಹೊರಟದ್ದರ ಬಗ್ಗೆ ನಮ್ಮ ವಿಶ್ವವಿದ್ಯಾಲಯದಲ್ಲಿ ಕೂತು ಬರೆಯದೆ ಇನ್ನೆಲ್ಲಿ ಬರೆಯುವುದು?

ಮೂರನೆಯದು ಬಹಳ ಬೇಗ ಮಾಡಬೇಕಾದ ಕೆಲಸ. ಬೆಳ್ಳಿಮೋಡವನ್ನು ಬಿಡುಗಡೆಯಾದ ವರ್ಷವೇ ನೋಡಿದ ಹೆಂಗಸರಿಗೆ ಈಗ ಎಪ್ಪತ್ತೈದು, ಎಂಬತ್ತು ವಯಸ್ಸು. ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಒಬ್ಬರಾದರೂ ಇರುತ್ತಾರೆ. ಯಾರ ಜೊತೆ ಹೋಗಿದ್ದಿರಿ, ಮನೆಯಲ್ಲಿ ಏನು ಹೇಳಿ ಹೋಗಿದ್ದಿರಿ, ಕೊನೆಗೆ ಇಂದಿರಾ ಬೇಡ ಅಂದಾಗ ಟಾಕೀಸಿನ ಹೆಂಗಸರ ಸಾಲಿನಲ್ಲಿ ಏನಾಯಿತು ಅಂತ ಕೇಳಿ. ಫೋನಿನಲ್ಲಿ ದನಿ ರೆಕಾರ್ಡ್ ಮಾಡಿಕೊಳ್ಳಿ. ತುಳುವಿನಲ್ಲಿ ಹೇಳಿದರೆ ತುಳುವಿನಲ್ಲೇ ಇರಲಿ.